ಅಲುಗದ ಒಲೆ

ಜೂನ್ ೧೪, ಶುಕ್ರವಾರ

‘ಒಲೆ ನಿಂತಲ್ಲಿ ಮನೆ’ ಎಂದೇನೋ ಒಂದು ಸಾಲು; ಪೂರ್ತಿ ನೆನಪಾಗುತ್ತಿಲ್ಲ. ಒಲೆ ತಾನಾಗಿ ನಿಲ್ಲುತ್ತದೆಯೇ?

ನೈರೋಬಿಯ ಕಾಲೇಜಿನಲ್ಲಿ ನಮ್ಮ ಹೊಗೆಯಿಲ್ಲದ ಒಲೆಯನ್ನು ನೀರು ಕಾಯಿಸಿ ಪರೀಕ್ಷಿಸಿದ್ದೆವು. ನೀರನ್ನು ಯಾರು ತೊಳಸುತ್ತಾರೆ? ಇಲ್ಲಿ ಮಲಾವಿಯಲ್ಲಿ ಮೆಕ್ಕೆಜೋಳದ ನ್ಸಿಮಾ ಮುದ್ದೆ ತೊಳಸುವಾಗ ಒಲೆ ಮಗುಚಿ, ಎನಿಫಾ ಅಜ್ಜಿಯ ಮನೆಮಂದಿ ಹಸಿದು ಮಲಗಿದ್ದರು. “ಇನ್ನೊಂದ್ಸಲ ಬಿದ್ರೆ ನಂಗೆ ನನ್ನ ಮೂರು ಕಲ್ಲಿನ ಒಲೇನೇ ಸಾಕು, ಮಗಳೇ” ಎಂದಿದ್ದರು ಅಜ್ಜಿ.

ಇವತ್ತು ಒಲೆಯ ಬುಡವನ್ನು ನೆಲದಲ್ಲಿ ಹೂತು ಮಣ್ಣು ಮೆತ್ತಿದೆ. ಅಜ್ಜಿ ಹಳೆಯ ಸಿಟ್ಟನ್ನೆಲ್ಲ ತೀರಿಸಿಕೊಳ್ಳುವವರಂತೆ ತೊಳಸಿದರು. ಒಲೆ ಅಲುಗಲಿಲ್ಲ. ಈ ವಯಸ್ಸಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನಗೆ ಯಾವ ಪರೀಕ್ಷೆಯ ಅಂಕವೂ ಇಷ್ಟು ಹೆಮ್ಮೆ ತಂದಿಲ್ಲ.

ಕಣ್ಣು ಎಳೆಯುತ್ತಿದೆ. ಅವತ್ತು ಒಲೆ ಮಗುಚಿದಾಗ ನಕ್ಕಿದ್ದ ಪಕ್ಕದ ಮನೆಯ ಫೈಲೆಸ್ ಈಗಷ್ಟೇ ಬಾಗಿಲಲ್ಲಿ ನಿಂತು ಹೇಳಿ ಹೋದಳು: “ಅಜ್ಜಿ ಕೈಯಲ್ಲೇನು ಬಲ ಇದೆ? ನಾಳೆ ನಮ್ಮನೇಲೊಂದು ಒಲೆ ಹೂತು ನೋಡಕ್ಕಾ, ನಾನು ತೊಳಸ್ತೀನಿ!”