ಹಸಿ ನೆಲದ ಪರೀಕ್ಷೆ

ಜುಲೈ ೮, ೧೯೭೪. ಸೋಮವಾರ

ಮಾಳಿಂಗಪ್ಪ ಹತ್ತು ಪೆನಾಲ್ಟಿಗೆ ನಾಲ್ಕು ಗೋಲು. ಪರಪ್ಪ ನಿನ್ನೆ ಎಂಟು. ಹೇಳಿದವನು ಗೋಲ್‌ಕೀಪರ್ ಅಮೀನುದ್ದೀನ. ನಾನೂ ಕಂಬದ ಪಕ್ಕದಲ್ಲೇ ನಿಂತಿದ್ದೆ. ಲೆಕ್ಕ ಸರಿ.

ನಾನು ಆರಿಸುವ ಸಿಂದಗಿ ಫುಟ್‌ಬಾಲ್ ತಂಡದಲ್ಲಿ ಇನ್ನು ಒಂದೇ ಜಾಗ. ಅದು ಪೆನಾಲ್ಟಿ ಒದೆಯುವವನಿಗೆ. ಬಿಜಾಪುರದ ಪಂದ್ಯ ನೋಡಲು ರೈಲ್ವೆ ತಂಡದವರು ಬರುತ್ತಾರೆ. ಅವರ ಕಣ್ಣಿಗೆ ಬಿದ್ದವನಿಗೆ ನೌಕರಿ. ಇಬ್ಬರಿಗೂ ಗೊತ್ತು.

ನಿನ್ನೆ ನೆಲ ಒಣಗಿತ್ತು. ಪರಪ್ಪ ಮುಗಿಸುವಷ್ಟರಲ್ಲಿ ಕತ್ತಲಾಯಿತು. ಮಾಳಿಂಗಪ್ಪನ ಸರದಿ ಇಂದಿಗೆ ಹೋಯಿತು. ರಾತ್ರಿ ಮಳೆ. ಇಂದು ಎರೆಮಣ್ಣು ಅವನ ಬೂಟಿಗೆ ಪದರ ಪದರವಾಗಿ ಅಂಟುತ್ತಿತ್ತು. ಕಡ್ಡಿಯಿಂದ ಕೆರೆದ, ನಾಲ್ಕು ಹೆಜ್ಜೆ ಓಡಿದ — ಮತ್ತೆ ಅಷ್ಟೇ ಮಣ್ಣು.

"ಸರ, ನೆಲ ಆರೂತನಕ ತಡೀರಿ. ಇಂವ ಚೆಂಡು ಒದ್ಯಾಕತ್ತಾನೋ, ಅರ್ಧ ಎಕರೆ ಹೊಲಾ ಹೊತಗೊಂಡು ಓಡಾಕತ್ತಾನೋ?" ಅಂದ ಅಮೀನುದ್ದೀನ.

"ಪಂದ್ಯದಾಗ ಮಳಿ ಬಂದ್ರ ನಿಂದರಸ್ತಾರೇನೋ?" ಅಂದೆ.

ಆ ಮಾತನ್ನು ಮನೆಯಿಂದಲೇ ಸಿದ್ಧ ಮಾಡಿಕೊಂಡು ಹೋಗಿದ್ದೆ.

ಜುಲೈ ೯, ಮಂಗಳವಾರ

ಪರಪ್ಪನ ಹೆಸರು ಹೇಳಿದೆ. ಮಾಳಿಂಗಪ್ಪ ತಂಡದ ಬೂಟು ತೊಳೆದು, ಒರೆಸಿ ತಂದುಕೊಟ್ಟ. "ನಂದ ಕಾಲು ಜಡ ಆತ್ರಿ ಸರ, ನೀವೇನು ಮಾಡ್ತೀರಿ," ಅಂದ. ಹಿಮ್ಮಡಿಯ ಸಂದಿಯಲ್ಲೂ ಮಣ್ಣು ಬಿಟ್ಟಿರಲಿಲ್ಲ.

ಮಧ್ಯಾಹ್ನ ಅಕ್ಕ ಕಸ್ತೂರೆವ್ವ ಸಕ್ಕರೆ ಹಿಡಿದು ಬಂದಳು. ಪರಪ್ಪ ಅವಳ ಮಗ. ನನ್ನ ಮಗಳು ಸಿದ್ದಲಿಂಗವ್ವನನ್ನು ಅವನಿಗೇ ಕೊಡುವುದೆಂದು ಅವಳಿನ್ನೂ ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಅವನಿಗೆ ನೌಕರಿ ಆಗಲಿ ಎಂದು ಮದುವೆ ತಡೆದವನು ನಾನು.

"ಇನ್ನೇನು ನೆವಾ ಹೇಳ್ತೀಯೋ ತಮ್ಮಾ? ರೈಲು ತಂದು ನಿನ್ನ ಬಾಗಲಾಗ ನಿಂದರಸಬೇಕೇನು?"

ನಕ್ಕೆ. ಬಾಯಿಗೆ ಸಕ್ಕರೆ ಹಾಕಿದಳು. ನುಂಗಿದೆ.

ಜುಲೈ ೧೩, ಶನಿವಾರ

ಮಾಳಿಂಗಪ್ಪ ಕುರಿ ಹೊಡೆದುಕೊಂಡು ಹೋಗಿದ್ದಾನೆ. ಅಮೀನುದ್ದೀನ ಹೇಳಿದ.

ಮಳೆ ಹಿಡಿದರೆ ಅವನ ಊರು ಯಂಕಂಚಿಯ ಕುರಿಗಾರರು ಎರೆ ನೆಲದಲ್ಲಿ ನಿಲ್ಲುವುದಿಲ್ಲ. ಹಸಿ ಮಣ್ಣು ಅಂಟಿ ಕುರಿಗಳ ಗೊರಸು ಕೊಳೆಯುತ್ತದೆ. ಹಿಂಡನ್ನು ನೀರು ನಿಲ್ಲದ ಗರಸು ನೆಲಕ್ಕೆ ಒಯ್ಯುತ್ತಾರೆ. ಈ ಸಲ ಅವನು ಉಳಿದು ಆಡುವುದು, ಅಣ್ಣ ಒಬ್ಬನೇ ಹೋಗುವುದು ಎಂದಾಗಿತ್ತಂತೆ. ಜಾಗ ಸಿಕ್ಕಿದ್ದರೆ.

ಕುರಿ ಕೂಡ ಕಾಲಿಡಬಾರದ ನೆಲ. ತಾಲೂಕಿಗೆಲ್ಲ ಗೊತ್ತಿರುವ ಸಂಗತಿ. ಅದರ ಮೇಲೆ ಅವನನ್ನು ನಿಲ್ಲಿಸಿದೆ.

ಜುಲೈ ೧೪, ರವಿವಾರ

ರಾತ್ರಿ ಮತ್ತೆ ಮಳೆ. ಪರಪ್ಪ ಯಾರೂ ಹೇಳದೆ ಅದೇ ಹಸಿ ನೆಲದಲ್ಲಿ ಹತ್ತು ಒದ್ದ. ಮೂರು ಗೋಲು. ಒಮ್ಮೆ ಬೂಟೇ ಕಳಚಿ ಚೆಂಡಿಗಿಂತ ಮುಂದೆ ಹೋಯಿತು.

"ಇದನ್ನೂ ಗೋಲ್ ಅಂತ ಹಿಡೀಲೇನೋ?" — ಅಮೀನುದ್ದೀನ.

ಪರಪ್ಪ ನಗಲಿಲ್ಲ. "ಮಾಮಾ, ಇದರಾಗ ಅಂವ ನಾಕು ಹೊಡದಾನ?"

"ಹೂಂ."

"ಮತ್ತ ನೀವು ನೋಡಿದ್ರಲ್ಲಾ?"

ಸೀಟಿ ಊದಿದೆ. ಆಟ ಶುರುವಾಗಲು ಇನ್ನೂ ಹೊತ್ತಿತ್ತು.

ಜುಲೈ ೧೬, ಮಂಗಳವಾರ

ಶಾಲೆ ಬಿಟ್ಟ ಮೇಲೆ ಸೈಕಲ್ ಮೇಲೆ ಯಂಕಂಚಿಗೆ. ಕೊನೆಗೆ ಗಾಲಿಗೆ ಮಣ್ಣು ತುಂಬಿ ತಿರುಗಲಿಲ್ಲ. ನೂಕಿಕೊಂಡು ಹೋದೆ.

ಮಾಳಿಂಗಪ್ಪನ ತಾಯಿ ರೇವವ್ವ ಮಜ್ಜಿಗೆ ಕೊಟ್ಟಳು. ಹಿಂಡು ದೇವಣಗಾಂವದ ಕಡೆ ದಿನ್ನೆಯ ಮೇಲಿದೆ ಅಂದಳು. ಮಗ ಹೇಳಿಹೋದ ಮಾತನ್ನೂ ಹೇಳಿದಳು:

"ಮಾಸ್ತರು ಅಕ್ಕನ ಮಗಾ ಅಂತ ನೋಡ್ಲಿಲ್ಲವ್ವ, ಬರೇ ಲೆಕ್ಕಾ ನೋಡಿದ್ರು ಅಂದಾನ್ರಿ. ನಿಮ್ಮ ಮ್ಯಾಲ ಭಾಳ ಭರೋಸಾರಿ ಅಂವಂದು."

"ಇನ್ನೊಮ್ಮೆ ಪರೀಕ್ಷಾ ಇಟ್ಟೇನಿ. ಕರಿಯಾಕ ಬಂದೇನಿ."

"ಯಾಕ್ರಿ? ಲೆಕ್ಕಾ ತಪ್ಪಿತ್ತೇನ್ರಿ?"

"ಲೆಕ್ಕಾ ಸರಿ ಇತ್ತವ್ವ."

ಮಜ್ಜಿಗೆ ಕುಡಿದು ಎದ್ದೆ. ಅವಳು ಕಡ್ಡಿ ತಂದು ನನ್ನ ಸೈಕಲ್ ಗಾಲಿಯ ಮಣ್ಣು ಕೆರೆಯುತ್ತ ಕೂತಳು. ಬೇಡ ಅಂದರೂ ಬಿಡಲಿಲ್ಲ.

ಮನೆಗೆ ಬಂದು, ಅಲ್ಲಿ ಕೂತಿದ್ದ ಅಕ್ಕನಿಗೆ ಮರುಪರೀಕ್ಷೆಯ ಸಂಗತಿ ಹೇಳಿದೆ. "ಸಕ್ಕರಿ ತಿಂದ ಬಾಯಿಲೆ ಹಿಂಗಂತೀಯಾ?" ಅಂದಳು. ಸೆರಗು ಕೊಡವಿ ಎದ್ದು ಹೋದಳು. ಸಿದ್ದಲಿಂಗವ್ವ ಒಳಗಿಂದ ಕೇಳಿಸಿಕೊಂಡಳೋ ಏನೋ. ದೀಪ ಹಚ್ಚಲು ತಡ ಮಾಡಿದಳು.

ತಂಡದ ಹೆಸರು ಕಳಿಸಲು ಶನಿವಾರ ಕಡೆಯ ದಿನ. ಮರುಪರೀಕ್ಷೆ ಶುಕ್ರವಾರ ಸಂಜೆ. ಇಬ್ಬರಿಗೂ ಒಂದೇ ದಿನ, ಒಂದೇ ನೆಲ. ಅವನು ಬರುತ್ತಾನೋ ಇಲ್ಲವೋ. ಬರುವ ಮೊದಲು ಯಾಕೆ ಎಂದು ಅವನಿಗೆ ಹೇಳಬೇಕು. ಹೀಗೆ ಶುರು ಮಾಡಬೇಕು — ಮಾಳಿಂಗಪ್ಪ, ಅವತ್ತು ನಾನು...

ದೇವಣಗಾಂವದ ಬಸ್ಸು ಬೆಳಿಗ್ಗೆ ಏಳಕ್ಕೆ.