ನನ್ನ ಗಂಡನ ದನಿ ಯಾರ ಸ್ವತ್ತು?

ಮಾನ್ಯ ಗ್ರಾಹಕ ಹಿತರಕ್ಷಣಾ ಆಯುಕ್ತರೇ,

ನನ್ನ ಗಂಡನ ದನಿಯನ್ನು ಒಂದು ಕಂಪನಿ ತನ್ನ ಬಳಿ ಇಟ್ಟುಕೊಂಡು ಕೂತಿದೆ. ಹಣ ಕೊಟ್ಟು ಕೊಂಡ ದನಿ ಅದು, ರಸೀದಿಯೂ ಇದೆ. ಕೊಡಿ ಎಂದರೆ ಕೊಡುತ್ತಿಲ್ಲ. ಇತ್ತ ನಮ್ಮ ಮನೆಯ ಒಳಕೋಣೆಯಲ್ಲಿ ತೊಂಬತ್ತು ವರ್ಷದ ನನ್ನ ಅತ್ತೆ, ಕಣ್ಣು ಕಾಣದ ಮುದುಕಿ, ಮಗನ ದನಿ ಕೇಳಬೇಕೆಂದು ಜೀವ ಹಿಡಿದುಕೊಂಡು ಮಲಗಿದ್ದಾರೆ. ಹೆಚ್ಚೆಂದರೆ ಒಂದು ತಿಂಗಳು ಎಂದು ಡಾಕ್ಟರು ಹೇಳಿ ಒಂಬತ್ತು ದಿನಗಳಾದವು. ನಾನು ನಿಮ್ಮ ಕಚೇರಿಗೆ ದೂರು ಕೊಟ್ಟು ಹದಿನಾಲ್ಕು ತಿಂಗಳಾಯಿತು. ಆಮೇಲೆ ಐದು ಪತ್ರ ಬರೆದೆ, ಬಹಳ ಮರ್ಯಾದೆಯಿಂದ, ‘ತಮ್ಮ ಅಮೂಲ್ಯ ಗಮನಕ್ಕೆ’ ಎಂದೆಲ್ಲ ಸೇರಿಸಿ. ಆ ಗಮನ ಎಷ್ಟು ಅಮೂಲ್ಯವೆಂದರೆ ಇದುವರೆಗೆ ನಮ್ಮ ಪಾಲಿಗೆ ಬರಲೇ ಇಲ್ಲ. ಅದಕ್ಕೇ ಈ ಆರನೆಯದನ್ನು ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ಧಾನ್ಯದ ಸಗಟು ಮಾರುಕಟ್ಟೆಯಲ್ಲಿ ಮೂವತ್ತೊಂದು ವರ್ಷ ಹರಾಜು ಕೂಗಿದವರು. ಮೂಟೆಗಳ ಮೇಲೆ ನಿಂತು ಬಾಯಿ ಬಿಟ್ಟರೆ ಲಾರಿಗಳ ಗದ್ದಲವನ್ನೂ ದಾಟಿ ಹಿಂದಿನ ಗೇಟಿನ ತನಕ ಕೇಳಿಸುತ್ತಿತ್ತು. ಮೈಕು ಕೊಟ್ಟರೆ ಮುಟ್ಟುತ್ತಿರಲಿಲ್ಲ. ಮಾರುಕಟ್ಟೆಯವರು ಅವರಿಗೆ ‘ಗಂಟೆಯಣ್ಣ’ ಎಂದು ಹೆಸರಿಟ್ಟಿದ್ದರು. ನಾನು ಅದೇ ಅಂಗಳದ ಮೂಲೆಯಲ್ಲಿ, ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂತು ತೂಕದ ಚೀಟಿ ಬರೆಯುತ್ತಿದ್ದೆ. ಮುಖ ನೋಡುವ ಮೊದಲು ನಾನು ಮೆಚ್ಚಿದ್ದು ಆ ದನಿಯನ್ನೇ. ಈ ವಯಸ್ಸಿನಲ್ಲಿ ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ಆ ಹರಾಜಿನ ಕಟ್ಟಳೆಯೊಂದನ್ನು ನಿಮಗೆ ಹೇಳಲೇಬೇಕು, ಯಾಕೆಂದರೆ ನಾವು ಕೆಟ್ಟದ್ದು ಅದರಿಂದಲೇ. ಕೂಗುವವನು ಮೊದಲು ಮೂಟೆಗೆ ಕೈ ಹಾಕಿ ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸುತ್ತಾನೆ. ಅದು ಮಾದರಿ. ಬೆಲೆ ಏರುತ್ತದೆ, ಮೂರು ಸಲ ಕೂಗುತ್ತಾನೆ. ಮೂರನೆಯ ಕೂಗಿಗೆ ಮುಂಚೆ ಆ ಹಿಡಿ ಕಾಳು ವಾಪಸ್ಸು ಮೂಟೆಗೆ ಬೀಳಬೇಕು. ಒಂದು ಕಾಳನ್ನೂ ಯಾರೂ ಜೇಬಿಗೆ ಹಾಕಿಕೊಳ್ಳುವ ಹಾಗಿಲ್ಲ, ಹಾಕಿಕೊಂಡರೆ ಕಳ್ಳ. ಮೂರನೆಯ ಕೂಗು ಆಯಿತೋ, ಸರಕು ಕೊಂಡವನದ್ದು. ಬೆಳೆದವನೂ ಮುಟ್ಟುವಂತಿಲ್ಲ, ಮಾರಿದವನೂ ಮುಟ್ಟುವಂತಿಲ್ಲ. ಇದಕ್ಕೆ ಕಾಗದವಿಲ್ಲ, ಸಹಿಯಿಲ್ಲ, ಅರವತ್ತು ಪುಟದ ಷರತ್ತುಗಳೂ ಇಲ್ಲ.

ಆರು ವರ್ಷದ ಹಿಂದೆ ಅವರ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಬದುಕುತ್ತಾರೆ, ಮಾತು ಮಾತ್ರ ಹೋಗುತ್ತದೆ ಎಂದರು. ಆಸ್ಪತ್ರೆಯ ಗೋಡೆಯ ಮೇಲೆಯೇ ಈ ಕಂಪನಿಯ ಜಾಹೀರಾತು ಅಂಟಿಸಿತ್ತು: ‘ನಿಮ್ಮ ದನಿಯನ್ನು ಕೊಂಡುಕೊಳ್ಳಿ. ಎಂದೆಂದಿಗೂ ನಿಮ್ಮದು.’ ಕಂಪನಿಯವರು ಕೊಡುವ ಒಂದು ಸಾವಿರದ ಆರುನೂರು ವಾಕ್ಯಗಳನ್ನು ಓದಿ ಧ್ವನಿಮುದ್ರಿಸಬೇಕು. ಅದರಿಂದ ಅವರೊಂದು ದನಿ ತಯಾರಿಸಿ ಕೊಡುತ್ತಾರೆ. ಆಮೇಲೆ ಟ್ಯಾಬ್ಲೆಟ್ಟಿನಲ್ಲಿ ಏನು ಟೈಪ್ ಮಾಡಿದರೂ ಅದು ನಿಮ್ಮದೇ ದನಿಯಲ್ಲಿ ಮಾತಾಡುತ್ತದೆ. ನಾವು ಕೊಂಡೆವು. ಗುಂಡಿಯ ಮೇಲೆ ‘ಖರೀದಿಸಿ’ ಎಂದೇ ಬರೆದಿತ್ತು, ‘ಬಾಡಿಗೆಗೆ ಪಡೆಯಿರಿ’ ಎಂದಲ್ಲ. ನನಗಿನ್ನೂ ಕಣ್ಣು ಚೆನ್ನಾಗಿ ಕಾಣುತ್ತದೆ, ಸ್ವಾಮಿ.

ಹನ್ನೊಂದು ದಿನ ಅವರು ಬಟ್ಟೆಯ ಬೀರುವಿನೊಳಗೆ ತಲೆ ತೂರಿಸಿ, ಬೆನ್ನ ಮೇಲೆ ಎರಡು ಕಂಬಳಿ ಹೊದ್ದು ಓದಿದರು. ಹೊರಗಿನ ಸದ್ದು ಸೇರಬಾರದಲ್ಲ, ಅದಕ್ಕೆ. ವಾಕ್ಯಗಳೋ, ದೇವರೇ ಗತಿ! ‘ಸರೋವರದ ಆಚೆ ನೀಲಿ ದೋಣಿಯೊಂದು ತೇಲುತ್ತಿದೆ.’ ಕಂಬಳಿಯೊಳಗಿಂದ ತಲೆ ಹೊರಗೆ ಹಾಕಿ ನನ್ನನ್ನೇ ಗದರುತ್ತಿದ್ದರು: “ಏನೇ ಇದು? ನಾನ್ಯಾವತ್ತು ಸರೋವರಕ್ಕೆ ಹೋಗಿದ್ದೆ? ಗಂಟಲು ಕುಯ್ಯೋಕೆ ಮುಂಚೆ ದೋಣಿ ಕಥೆ ಹೇಳಿ ಸಾಯ್ಬೇಕಾ ನಾನು?” ಅತ್ತೆ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರು. ಯಾರಾದರೂ ಹೆಜ್ಜೆ ಸದ್ದು ಮಾಡಿದರೆ ಸಾಕು, “ಶ್! ನನ್ನ ಮಗ ದನಿ ಎತ್ತಿಡ್ತಿದ್ದಾನೆ” ಎನ್ನುತ್ತಿದ್ದರು.

ಕೊನೆಯ ವಾಕ್ಯ ಮುಗಿದಾಗ ಪರದೆಯ ಮೇಲೊಂದು ಪ್ರಶ್ನೆ ಬಂತು: ಮೂಲ ಧ್ವನಿಮುದ್ರಣದ ಪ್ರತಿಯನ್ನು ನಿಮ್ಮ ಬಳಿಯೂ ಉಳಿಸಿಕೊಳ್ಳುವಿರಾ? ನಾನು “ಇಟ್ಕೊಳ್ಳಿ, ಇರಲಿ” ಎಂದೆ. ಅವರು ನನ್ನ ಮುಖ ನೋಡಿದರು. “ಇದು ಮಾದರಿ ಕಣೇ. ವ್ಯಾಪಾರ ಮುಗಿದ್ಮೇಲೆ ಮಾದರಿ ಹಿಡಿ ಜೇಬಿಗೆ ಹಾಕ್ಕೊಳ್ಳೋದಾ? ಮೂವತ್ತು ವರ್ಷ ಮಾಡದಿರೋ ಕೆಲಸ ಈಗ ಮಾಡ್ಲಾ?” ಎಂದವರೇ ‘ಬೇಡ’ ಎನ್ನುವುದನ್ನು ಒತ್ತಿಬಿಟ್ಟರು. ನನಗೂ ಅದು ಸರಿಯೆನಿಸಿತು. ಸರಕು ಎಲ್ಲಿದೆಯೋ ಮಾದರಿಯೂ ಅಲ್ಲೇ ಇರಬೇಕು, ಎದುರಿನವನೂ ನಮ್ಮಷ್ಟೇ ನಿಯತ್ತಿನವನು ಎಂದು ನಂಬಿದ ಇಬ್ಬರು ಮೂಢರು ನಾವು. ಇಡೀ ಜಗತ್ತಿನಲ್ಲಿ ಇಂಥ ತಪ್ಪು ಮಾಡಲು ಒಬ್ಬ ಹರಾಜುಗಾರನಿಂದ ಮಾತ್ರ ಸಾಧ್ಯ.

ಶಸ್ತ್ರಚಿಕಿತ್ಸೆ ಆಯಿತು. ಕತ್ತಿನಲ್ಲಿ ಉಸಿರಾಡಲು ಒಂದು ತೂತು ಉಳಿಯಿತು, ಕೈಯಲ್ಲಿ ಒಂದು ಟ್ಯಾಬ್ಲೆಟ್ಟು. ಮನೆಗೆ ಬಂದ ದಿನ ಅತ್ತೆಯ ಪಕ್ಕ ಕೂತು ಟೈಪ್ ಮಾಡಿ ಒತ್ತಿದರು: “ಅಮ್ಮ, ಊಟ ಆಯ್ತಾ?” ದನಿ ಅವರದ್ದೇ, ಸ್ವಲ್ಪ ಮೂಗು ಕಟ್ಟಿದ ಹಾಗೆ ಇತ್ತು ಅಷ್ಟೇ. ಅತ್ತೆ ಕಿವಿಗೊಟ್ಟು ಕೇಳಿ, “ಶೀತ ಆಗಿದೆ ನಿಂಗೆ. ಬಿಸಿನೀರು ಕುಡಿ” ಎಂದರು. ನಾವಿಬ್ಬರೂ ಅತ್ತೆವು. ಆಮೇಲೆ ಸುಮಾರು ಐದು ವರ್ಷ ಆ ತಾಯಿ ಮಗ ದಿನಾ ಮಾತಾಡಿದರು, ಜಗಳವಾಡಿದರು, ನನ್ನ ಮೇಲೆ ಚಾಡಿ ಹೇಳಿಕೊಂಡರು. ಬಿಸಿನೀರಿನ ಉಪದೇಶ ಒಂದು ದಿನವೂ ತಪ್ಪಲಿಲ್ಲ. ಕಣ್ಣಿಲ್ಲದ ಅವರಿಗೆ ಮಗ ಅಂದರೆ ಆ ದನಿಯೇ.

ಹೋದ ವರ್ಷ ಒಂದು ಬೆಳಿಗ್ಗೆ ಕಂಪನಿಯಿಂದ ಸಂದೇಶ ಬಂತು. ‘ಪ್ರಿಯ ಗ್ರಾಹಕರೇ, ನಿಮ್ಮ ಅನುಭವವನ್ನು ಇನ್ನಷ್ಟು ಸುಂದರಗೊಳಿಸಲು ನಾವು ಹಳೆಯ ಧ್ವನಿಗಳನ್ನು ನಿವೃತ್ತಿಗೊಳಿಸುತ್ತಿದ್ದೇವೆ. ನಲವತ್ತು ಹೊಚ್ಚಹೊಸ ಧ್ವನಿಗಳು ನಿಮಗಾಗಿ ಕಾದಿವೆ!’ ಕೊನೆಯಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಬೇರೆ. ಬದುಕಿರುವ ಮನುಷ್ಯನ ದನಿಯನ್ನು ನಿವೃತ್ತಿಗೊಳಿಸಲು ಇವರ್ಯಾರು? ತಿಂಗಳ ಕೊನೆಗೆ ದನಿ ಹೋಯಿತು. ಯಜಮಾನರು ಒತ್ತಿದಾಗ ಟ್ಯಾಬ್ಲೆಟ್ಟಿನಿಂದ ಯಾರೋ ಇಪ್ಪತ್ತೈದರ ತರುಣ, ಲಿಫ್ಟಿನಲ್ಲಿ ಮಹಡಿ ಎಷ್ಟನೆಯದೆಂದು ಹೇಳುವವನ ಹಾಗೆ, ನಯವಾಗಿ “ಅಮ್ಮ, ಊಟ ಆಯ್ತಾ?” ಎಂದ. ಅತ್ತೆ ಹಿಡಿದಿದ್ದ ಕೈಯನ್ನು ಸರಕ್ಕನೆ ಬಿಟ್ಟುಬಿಟ್ಟರು. “ಯಾರಪ್ಪ ನೀನು? ಒಳಗೆ ಹೇಗೆ ಬಂದೆ?” ಎಂದು ಚೀರಿದರು.

ಕಂಪನಿಯನ್ನು ಕೇಳಿದೆ. ನೀವು ಕೊಂಡದ್ದು ದನಿಯನ್ನಲ್ಲ, ದನಿಯನ್ನು ಬಳಸುವ ಪರವಾನಗಿಯನ್ನು, ಅದನ್ನು ಯಾವಾಗ ಬೇಕಾದರೂ ಹಿಂಪಡೆಯುವ ಹಕ್ಕು ನಮಗಿದೆ, ಷರತ್ತುಗಳ ನಲವತ್ತೇಳನೆಯ ಪುಟ ನೋಡಿ ಎಂದರು. ನೋಡಿದೆ, ಹೌದು, ಇದೆ. ಆಯುಕ್ತರೇ, ನೀವು ಕುರ್ಚಿ ಕೊಂಡಿರಿ ಎಂದಿಟ್ಟುಕೊಳ್ಳಿ. ಐದು ವರ್ಷದ ಮೇಲೆ ಅಂಗಡಿಯವನು ಬಂದು, ನೀವು ಕೊಂಡದ್ದು ಕುರ್ಚಿಯನ್ನಲ್ಲ, ಕೂರುವ ಪರವಾನಗಿಯನ್ನು, ಏಳಿ ಮೇಲೆ ಎಂದರೆ ಏಳುತ್ತೀರಾ? ಇಲ್ಲಿ ಕುರ್ಚಿಯ ಮರವೂ ನಮ್ಮದೇ. ಯಜಮಾನರ ಗಂಟಲು, ಅವರ ಉಸಿರು, ಹನ್ನೊಂದು ದಿನ ಗಡ್ಡೆಯ ನೋವು ನುಂಗಿಕೊಂಡು ಅವರು ಓದಿದ ಆ ಹಾಳು ದೋಣಿ. ನಮ್ಮ ಸರಕನ್ನೇ ತೆಗೆದುಕೊಂಡು, ನಮಗೇ ಮಾರಿ, ದುಡ್ಡನ್ನೂ ಎಣಿಸಿಕೊಂಡು, ಕೊನೆಗೆ ಮೂಟೆಯನ್ನೂ ಹೊತ್ತೊಯ್ದರು. ನಮ್ಮ ಅಂಗಳದಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಗೇಟು ದಾಟುವ ಹೊತ್ತಿಗೆ ಮೈಮೇಲೆ ಅಂಗಿ ಇರುತ್ತಿರಲಿಲ್ಲ.

ಇನ್ನೂ ಕೇಳಿ. ದನಿ ಅಳಿಸಿಹೋಗಿಲ್ಲವಂತೆ! ಅವರ ಉಗ್ರಾಣದಲ್ಲಿ ಕ್ಷೇಮವಾಗಿದೆಯಂತೆ. ಕೊಡಲೂಬಹುದಂತೆ. ಆದರೆ ದುರ್ಬಳಕೆ ತಡೆಯಲು ದನಿಯ ಮಾಲೀಕರೇ ಖುದ್ದು ಫೋನ್ ಮಾಡಿ, ‘ಇದು ನನ್ನ ದನಿ’ ಎಂದು ಸ್ಪಷ್ಟವಾಗಿ ಉಚ್ಚರಿಸಿ ಗುರುತು ಖಚಿತಪಡಿಸಬೇಕಂತೆ. ದನಿ ಕೊಂಡಾಗ ಮಾಲೀಕರಲ್ಲ, ವಾಪಸ್ಸು ಕೇಳುವಾಗ ಮಾತ್ರ ಮಾಲೀಕರು. ಫೋನಿನಲ್ಲಿದ್ದ ಹುಡುಗಿಗೆ ಬಿಡಿಸಿ ಹೇಳಿದೆ.

“ಅವರಿಗೆ ಮಾತು ಬರಲ್ಲಮ್ಮ. ಧ್ವನಿಪೆಟ್ಟಿಗೆನೇ ತೆಗ್ದಿದ್ದಾರೆ.”

“ಅರ್ಥ ಆಯ್ತು ಮೇಡಂ. ಹಾಗಾದ್ರೆ ಅವರು ಮಾತಾಡೋಕೆ ಯಾವಾಗ ಸಿಗ್ತಾರೆ?”

“ಮುಂದಿನ ಜನ್ಮದಲ್ಲಿ.”

“ಸರಿ ಮೇಡಂ, ನೋಟ್ ಮಾಡ್ಕೊಂಡಿದ್ದೀನಿ.”

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳ ಮುಂದಿದ್ದ ಪರದೆಯಲ್ಲಿ ಎಷ್ಟು ಬರೆದಿತ್ತೋ ಅಷ್ಟನ್ನು ಓದಿದಳು. ಯಜಮಾನರು ನನ್ನ ಕೈಯಿಂದ ಫೋನು ಕಸಿದುಕೊಂಡರು. ಕಂಪನಿಯ ಯಂತ್ರ ‘ಈಗ ಮಾತಾಡಿ’ ಎಂದಿತು. ಅವರು ತುಟಿ ಆಡಿಸಿ, ಕುತ್ತಿಗೆಯ ನರ ಉಬ್ಬುವಂತೆ ಉಸಿರು ನೂಕಿದರು. ಕತ್ತಿನ ತೂತಿನಿಂದ ಸುಯ್ ಎಂದು ಗಾಳಿ ಬಂತು. ‘ಕ್ಷಮಿಸಿ, ನಿಮ್ಮ ದನಿ ಕೇಳಿಸಲಿಲ್ಲ’ ಎಂದಿತು ಯಂತ್ರ. ಮೂರು ಸಲ ಹಾಗೆ ಮಾಡಿದರು. ಮೂರನೆಯದರ ನಂತರ, ಸಂಶಯಾಸ್ಪದ ಪ್ರಯತ್ನದ ಕಾರಣ ಖಾತೆಯನ್ನು ಮುಚ್ಚಲಾಗಿದೆ ಎಂಬ ಸಂದೇಶ ಬಂತು. ಮೂವತ್ತೊಂದು ವರ್ಷ ಒಂದು ಮಾರುಕಟ್ಟೆಯನ್ನೇ ಕೂಗಿ ನಡೆಸಿದ ಮನುಷ್ಯ ಗೋಡೆಗೆ ಮುಖ ಮಾಡಿ ಕೂತರು.

ಇನ್ನು ನಿಮ್ಮ ಕಚೇರಿಯ ವಿಷಯ. ಮೂರನೆಯ ಮಹಡಿ, ಹನ್ನೆರಡನೆಯ ಕಿಟಕಿ. ಗುಮಾಸ್ತರು ಒಳ್ಳೆಯವರೇ, ನನ್ನನ್ನು ಕೂರಿಸಿದರು. “ಅಕ್ಕ, ಇದನ್ನ ಸರಕು ಅಂತ ಬರೀಲಾ, ಸೇವೆ ಅಂತ ಬರೀಲಾ? ಸೇವೆ ಅಂದ್ರೆ ನಿಲ್ಸೋ ಹಕ್ಕು ಅವರಿಗಿದೆ. ಸರಕು ಅಂದ್ರೆ ನೀವು ಸರಕು ತಂದು ತೋರಿಸ್ಬೇಕು” ಎಂದರು. ಕದ್ದುಹೋದದ್ದನ್ನು ತಂದು ತೋರಿಸಿದರೆ ಕಳ್ಳತನದ ದೂರು ತೆಗೆದುಕೊಳ್ಳುತ್ತಾರಂತೆ! ಇಬ್ಬರೂ ಯೋಚಿಸಿ ‘ಇತರೆ’ ಎಂದು ಬರೆದೆವು. ಕಳೆದ ವಾರ ನಿಮ್ಮ ಉತ್ತರ ಬಂತು: ‘ದೂರುದಾರರಿಗೆ ಯಾವುದೇ ಭೌತಿಕ ನಷ್ಟ ಕಂಡುಬರದ ಕಾರಣ ಕಡತವನ್ನು ಮುಕ್ತಾಯಗೊಳಿಸಲಾಗಿದೆ.’ ಕಂಡುಬರುವುದು ಹೇಗೆ ಮಾನ್ಯರೇ? ಹೋದದ್ದು ಕಿವಿಗೆ ಕೇಳಿಸುವಂಥದ್ದು. ಅದಿರಲಿ, ನೀವು ನೋಡಲು ತಾನೇ ಯಾವಾಗ ಬಂದಿರಿ?

ಅತ್ತೆಗೆ ಈಗ ನೆನಪೂ ಮಸುಕಾಗಿದೆ. ಶಸ್ತ್ರಚಿಕಿತ್ಸೆ ಮರೆತಿದ್ದಾರೆ. ಕಿವಿ ಮಾತ್ರ ಚುರುಕು. ಎಲ್ಲ ಹುಡುಕಿದ ಮೇಲೆ ಹಳೆಯ ಫೋನೊಂದರಲ್ಲಿ ಯಜಮಾನರ ದನಿ ಹತ್ತೊಂಬತ್ತು ಸೆಕೆಂಡಿನಷ್ಟು ಸಿಕ್ಕಿತು, ಹರಾಜಿನ ಗಲಾಟೆಯಲ್ಲಿ ಯಾರೋ ತೆಗೆದದ್ದು. ಅದರಿಂದ ಹೊಸ ದನಿ ಕಟ್ಟಲಾಗುವುದಿಲ್ಲ ಎಂದು ಬಲ್ಲವರು ಹೇಳಿದರು. ಅದನ್ನೇ ಹಾಕಿ ಅತ್ತೆಗೆ ಕೇಳಿಸಿದೆ. ಮುಖ ಅರಳಿತು. “ನೋಡು, ಇನ್ನೂ ಮಾರ್ಕೆಟ್ಟಲ್ಲೇ ಇದ್ದಾನೆ. ಬಂದ ತಕ್ಷಣ ನನ್ನ ಹತ್ರ ಕಳಿಸು” ಎಂದರು. ಅಂದಿನಿಂದ ಕಾಯುತ್ತಿದ್ದಾರೆ. “ಬಂದ್ನಾ?” ಎಂದು ಕೇಳುತ್ತಾರೆ. “ಇನ್ನೂ ಇಲ್ಲ ಅತ್ತೆ, ಇವತ್ತು ಸರಕು ಜಾಸ್ತಿ” ಎನ್ನುತ್ತೇನೆ. ಯಜಮಾನರು ಅಲ್ಲೇ, ಅವರ ಹಾಸಿಗೆಯ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ. ಉಸಿರಾಟದ ಸುಯ್ಗುಟ್ಟುವಿಕೆ ತಾಯಿಗೆ ಕೇಳಿಸಿ ಬೆಚ್ಚಿಬೀಳಬಾರದೆಂದು ಕತ್ತಿಗೊಂದು ಮೆತ್ತನೆಯ ಬಟ್ಟೆ ಹಿಡಿದುಕೊಂಡಿರುತ್ತಾರೆ. ಮುಟ್ಟುವುದಿಲ್ಲ. ಒಮ್ಮೆ ಮುಟ್ಟಿದಾಗ ಅತ್ತೆ ಯಾರೋ ಏನೋ ಎಂದು ಹೆದರಿ ಇಡೀ ದಿನ ನಡುಗಿದರು.

ಆದ್ದರಿಂದ ನಾನು ಕೇಳುವುದು ಇಷ್ಟು. ಆ ಕಂಪನಿಗೆ ಆಜ್ಞೆ ಮಾಡಿ: ಒಂದು ವಾರದೊಳಗೆ, ಫೋನಿನಲ್ಲಿ ಮಾತಾಡಿಸುವ ಪರೀಕ್ಷೆಯಿಲ್ಲದೆ, ವೈದ್ಯರ ಚೀಟಿ ಮತ್ತು ನಮ್ಮ ರಸೀದಿ ನೋಡಿ, ಆ ದನಿಯನ್ನೂ ಒಂದು ಸಾವಿರದ ಆರುನೂರು ವಾಕ್ಯಗಳನ್ನೂ ನಮ್ಮ ಕೈಗೆ ಕೊಡಬೇಕು. ಪರಿಹಾರದ ಹಣ ಬೇಡ, ಕ್ಷಮಾಪಣೆ ಬೇಡ, ನಲವತ್ತು ಹೊಸ ದನಿಗಳಂತೂ ಬೇಡವೇ ಬೇಡ. ಕೊಡುವುದು ಬಾಡಿಗೆಗಾದರೆ ಗುಂಡಿಯ ಮೇಲೆ ‘ಖರೀದಿಸಿ’ ಎಂದು ಬರೆಯಕೂಡದು ಎಂಬ ನಿಯಮವನ್ನು ನೀವು ನಿಧಾನಕ್ಕೆ, ನಿಮ್ಮ ಮಾಮೂಲಿ ವೇಗದಲ್ಲೇ ಮಾಡಿಕೊಳ್ಳಿ. ಇದಕ್ಕೆ ಮಾತ್ರ ನಮ್ಮಲ್ಲಿ ಸಮಯವಿಲ್ಲ.

ಅದೂ ಆಗದಿದ್ದರೆ ಇನ್ನೊಂದು ಉಪಕಾರ ಮಾಡಿ. ನಮ್ಮ ಮನೆಗೆ ಬನ್ನಿ. ನಿನ್ನೆ ಅತ್ತೆ ನನ್ನ ಕೈ ಹಿಡಿದು, “ಇಷ್ಟು ದಿನ ಆದ್ರೂ ನನ್ನ ನೋಡೋಕೆ ಬರ್ಲಿಲ್ಲ ಅಂದ್ರೆ ಅವನಿಗೆ ನನ್ನ ಮೇಲೆ ಏನೋ ಕೋಪ. ನಾನೇನು ತಪ್ಪು ಮಾಡ್ದೆ ಅಂತ ಕೇಳಿ ಬಾ” ಎಂದರು. ಯಜಮಾನರು ಎದ್ದು ಹೊರಗೆ ಹೋದರು. ನೀವು ಬಂದು ಆ ಕುರ್ಚಿಯಲ್ಲಿ ಕೂತು ಹೇಳಿ. ನಿಮಗೆ ದನಿ ಇದೆ. ಕಡತ ಮುಕ್ತಾಯವಾಗಿದೆ ಎಂದು ಆ ತಾಯಿಗೆ ನೀವೇ ಹೇಳಿ.

ಇಂತಿ,
ಗಂಡ ಎದುರಿಗೇ ಕೂತಿರುವಾಗ ಅವರ ತಾಯಿಗೆ ದಿನಕ್ಕೆ ಹತ್ತು ಸಲ ‘ಇನ್ನೂ ಬಂದಿಲ್ಲ’ ಎಂದು ಸುಳ್ಳು ಹೇಳುವ ಒಬ್ಬ ಸೊಸೆ