ಕರೆಂಟ್ ಹೋದ ಅರ್ಧ ಗಂಟೆ

ತಂಗಿಯ ಮನೆ,
ಮಂಗಳವಾರ

ಕೇಳಿಸಿದರೂ ಕೇಳಿಸಿಕೊಳ್ಳದ ನನ್ನ ಯಜಮಾನರಿಗೆ,

ನಿಮ್ಮ ಲೌಡ್‌ಸ್ಪೀಕರ್ ಮಾಡುವ ನಮಸ್ಕಾರ. ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ನಿಮ್ಮ ತಗಡು ಒತ್ತುವ ಪ್ರೆಸ್ಸೇ ಮಾತಾಡಿತು. ನೀವು ಹಾಂ, ಹಾಂ ಎಂದು ಇಟ್ಟುಬಿಟ್ಟಿರಿ. ಅದಕ್ಕೇ ಈ ಕಾಗದ. ತಂಗಿಯ ಗಂಡನ ಕೈಯಲ್ಲಿ ಕಳಿಸುತ್ತಿದ್ದೇನೆ. ಪ್ರೆಸ್ ನಿಲ್ಲಿಸಿ ಓದಿ.

ಕೋಪ ಮಾಡಿಕೊಂಡು ಹೋಗಿದ್ದಾಳೆ, ಇಳಿದ ಮೇಲೆ ತಾನೇ ಬರುತ್ತಾಳೆ ಎಂದು ಮಗಳ ಹತ್ತಿರ ಹೇಳಿದಿರಂತೆ. ಕೋಪ ಇಳಿದಿಲ್ಲ. ಬಿಪಿ ಇಳಿದಿದೆ. ಇಲ್ಲಿಗೆ ಬಂದು ಎಂಟು ದಿನ, ಮಾತ್ರೆ ಅದೇ, ಉಪ್ಪು ಅಷ್ಟೇ, ಕೂತು ಉಣ್ಣುವ ಸುಖವೂ ಇಲ್ಲ, ಮನೆಗೆಲಸವೆಲ್ಲ ನನ್ನದೇ. ಕಡಿಮೆಯಾದದ್ದು ಒಂದೇ, ಸದ್ದು. ಮೊದಲ ದಿನ ಅಭ್ಯಾಸಬಲದಿಂದ ನೀರು ಕೊಡು ಎಂದು ಕಿರುಚಿದೆ, ತಂಗಿ ಬೆಚ್ಚಿ ಲೋಟ ಕೈಬಿಟ್ಟಳು. ಮೂವತ್ತೊಂದು ವರ್ಷ ಕೆಳಗೆ ಕಾರ್ಖಾನೆ, ಮೇಲೆ ಸಂಸಾರ. ಹೀಗಾದರೆ ಹೆಂಗಸು ಮೆಲ್ಲಗೆ ಮಾತಾಡುವುದು ಹೇಗೆ? ಲೌಡ್‌ಸ್ಪೀಕರ್ ಎಂದು ಹೆಸರಿಟ್ಟವರು ನೀವು, ಹಾಗೆ ಮಾಡಿದವರೂ ನೀವೇ.

ನನ್ನ ತಪ್ಪೂ ಒಂದಿದೆ, ಒಪ್ಪಿಕೊಳ್ಳುತ್ತೇನೆ. ಇಪ್ಪತ್ನಾಲ್ಕು ಗಂಟೆ ತೋಳಿಗೆ ಕಟ್ಟಿಕೊಂಡು ಬಿಪಿ ಬರೆಸಬೇಕು ಎಂದು ಡಾಕ್ಟರು ಆ ಯಂತ್ರ ಕೊಟ್ಟಾಗ, ಕೆಲಸದವರ ಎದುರು ನಾಚಿಕೆಯೆಂದು ಭಾನುವಾರ ಕಟ್ಟಿಕೊಂಡೆ. ಕಾರ್ಖಾನೆಗೆ ರಜೆ. ಎಲ್ಲ ಸರಿಯಾಗಿ ಬಂತು. ನೀವು ಆ ಚೀಟಿ ಹಿಡಿದು ಬೀದಿಗೆಲ್ಲ ತೋರಿಸುವುದೊಂದು ಬಾಕಿ. ಡಾಕ್ಟರು ಮಾತ್ರ ಯಾವ ದಿನ ಕಟ್ಟಿದ್ದು ಎಂದು ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡರು. ಕೆಲಸದ ದಿನ ಕಟ್ಟಬೇಕಮ್ಮಾ ಎಂದು ಮತ್ತೆ ಕೊಟ್ಟು ಕಳಿಸಿದರು.

ಆಗ ನೀವೇನು ಮಾಡಿದಿರಿ? ತಾ ಇಲ್ಲಿ, ಸದ್ದಿನಿಂದ ಗುಂಡಿಗೆ ಕೆಡೋದಾದರೆ ಪ್ರೆಸ್ ಪಕ್ಕ ನಿಲ್ಲೋ ನನಗೆ ಮೊದಲು ಕೆಡಬೇಕು ಎಂದು ಕಿತ್ತುಕೊಂಡು ಸೋಮವಾರ ನೀವೇ ಕಟ್ಟಿಕೊಂಡಿರಿ. ಏನೇನು ಮಾಡಿದಿರಿ ಎಂದು ಬರೆಯುವ ಹಾಳೆಯಲ್ಲಿ ಕೆಲಸ, ಕೆಲಸ, ಊಟ, ಕೆಲಸ ಎಂದು ಗೀಚಿದಿರಿ. ಮಂಗಳವಾರ ಬೆಳಿಗ್ಗೆ ಬಿಚ್ಚಿ ಕೊಡುತ್ತಾ, ಎರಡನೇ ಪ್ರೆಸ್‌ಗೂ ಹೇಳಿದ್ದೇನೆ, ಅಡುಗೆಮನೆಯ ಕೆಳಗೇ ಕೂರಿಸ್ತೀನಿ ಎಂದಿರಿ. ನಾನು ಬಟ್ಟೆ ಕಟ್ಟಿಕೊಂಡದ್ದು ಆಗಲೇ. ಒಂದು ಪ್ರೆಸ್‌ಗೇ ಕಪಾಟಿನ ಪಾತ್ರೆಗಳೆಲ್ಲ ಗಡಗಡ ನಡುಗುತ್ತವೆ. ನಿಮಗೆ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ, ಅದೂ ಆ ಸದ್ದಿನಲ್ಲಿ ಕಿನ್ನರಿ.

ನಮಗೆ ಅಭ್ಯಾಸ ಆಗಿದೆ ಎನ್ನುತ್ತೀರಿ. ನಾನೂ ಅದನ್ನೇ ಡಾಕ್ಟರಿಗೆ ಹೇಳಿದೆ. ಅಭ್ಯಾಸ ಆಗೋದು ಕಿವಿಗೆ, ಗುಂಡಿಗೆಗಲ್ಲ ಎಂದರು. ಸದ್ದು ಬಿದ್ದಾಗಲೆಲ್ಲ ಏನೋ ಅಪಾಯ ಬಂತೆಂದು ಮೈ ಒಳಗೊಳಗೇ ಎದ್ದು ನಿಲ್ಲುತ್ತದಂತೆ, ರಕ್ತನಾಳ ಬಿಗಿಯುತ್ತದಂತೆ, ನಮಗೆ ಗೊತ್ತೂ ಆಗುವುದಿಲ್ಲವಂತೆ. ನಿಮಿಷಕ್ಕೆ ಹತ್ತು ಏಟು, ದಿನಕ್ಕೆ ಒಂಬತ್ತು ಗಂಟೆ. ಲೆಕ್ಕ ನೀವೇ ಹಾಕಿ.

ಊಟಕ್ಕೆ ಕರೆಯಲು ನಾನು ಸೌಟಿನಿಂದ ನೀರಿನ ಪೈಪಿಗೆ ಮೂರು ಏಟು ಹೊಡೆಯುತ್ತಿದ್ದೆ. ಅದು ನಿಮಗೆ ಕೇಳಿಸುತ್ತಿರಲಿಲ್ಲ. ಪೈಪಿನ ಮೇಲೆ ಅಂಗೈ ಇಟ್ಟು ತಿಳಿದುಕೊಳ್ಳುತ್ತಿದ್ದಿರಿ. ಹೊಸದರಲ್ಲಿ ಅದು ನನಗೆ ತುಂಬಾ ಇಷ್ಟವಾಗಿತ್ತು, ಯಾರಿಗೂ ಹೇಳಿರಲಿಲ್ಲ. ಈಗ ಯಾರು ಕರೆಯುತ್ತಾರೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀರೋ ಇಲ್ಲವೋ. ಎಡ ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುವುದು ಇನ್ನೂ ನಡೆದಿದೆಯೇ? ತಗಡು ಎತ್ತಿ ಹಿಡಿದ ನೋವು ಎನ್ನುತ್ತಿದ್ದಿರಿ.

ನಾನು ಬರಬೇಕೆಂದರೆ ಎರಡು ಮಾತು. ಹೊಸ ಪ್ರೆಸ್ ಶನಿವಾರದವರೆಗೆ ಕೂರಿಸಬೇಡಿ. ಶನಿವಾರ ಹನ್ನೊಂದಕ್ಕೆ ಈ ಬೀದಿಯ ತುದಿಯ ಆಸ್ಪತ್ರೆಗೆ ಬನ್ನಿ. ಗಂಡನನ್ನು ಕರೆದುಕೊಂಡೇ ಬರಬೇಕೆಂದು ಡಾಕ್ಟರು ಒತ್ತಿ ಹೇಳಿದ್ದಾರೆ. ಕೆಲಸ ಇದೆ ಎಂಬ ಮಾತು ಬೇಡ. ಹೆಂಡತಿಗಾಗಿ ಒಂದು ಬೆಳಿಗ್ಗೆ ಬಿಟ್ಟರೆ ಲೋಕ ಮುಳುಗುವುದಿಲ್ಲ.

ಇತಿ,
ನಿಮ್ಮ ಲೌಡ್‌ಸ್ಪೀಕರ್

ಮರೆತದ್ದು: ಇಲ್ಲ, ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಜೊತೆಗಿಟ್ಟಿರುವ ಆಸ್ಪತ್ರೆಯ ಚೀಟಿಯಲ್ಲಿ ನನ್ನ ಹೆಸರು ಹುಡುಕಬೇಡಿ, ಇರುವುದು ನಿಮ್ಮದು. ಯಂತ್ರ ಹಿಂತಿರುಗಿಸುವಾಗ, ಕಟ್ಟಿಕೊಂಡದ್ದು ನಾನಲ್ಲ, ನೀವು ಎಂದು ಡಾಕ್ಟರಿಗೆ ಹೇಳಿದೆ. ನಿನ್ನೆ ಯಂತ್ರದ ಲೆಕ್ಕ ತೋರಿಸಿದರು. ನಿಮ್ಮ ಬಿಪಿ ನನ್ನದಕ್ಕಿಂತ ಎಷ್ಟೋ ಹೆಚ್ಚು. ಭುಜ ನೋಯುತ್ತದೆಯೇ ಎಂದು ಅವರೇ ಕೇಳಿದರು, ಎಡ ಭುಜ ಎಂದೆ, ಅದು ತಗಡಿನ ನೋವಲ್ಲ, ಗುಂಡಿಗೆಯದೂ ಇರಬಹುದು ಎಂದರು. ನಿಮ್ಮ ಸಲುವಾಗಿ ಎಂದರೆ ನೀವು ಬರುವವರಲ್ಲ, ಅದಕ್ಕೇ ನನ್ನ ಸಲುವಾಗಿ ಎಂದು ಕರೆದೆ. ದಿನವಿಡೀ ಏರಿಯೇ ಇದ್ದದ್ದು ಸಂಜೆ ನಾಲ್ಕಕ್ಕೆ ಒಮ್ಮೆ ಇಳಿದಿದೆ. ನಿಮ್ಮ ಹಾಳೆಯಲ್ಲಿ ಆ ಹೊತ್ತಿನ ಎದುರು ನೀವೇ ಬರೆದಿದ್ದೀರಿ, ಕರೆಂಟ್ ಇಲ್ಲ, ಅರ್ಧ ಗಂಟೆ ಸುಮ್ಮನೆ ಕೂತೆ ಎಂದು. ಇನ್ನು ನಾನು ಕೂಗುವುದಿಲ್ಲ. ಪೈಪಿಗೆ ಮೂರು ಏಟು ಬಿತ್ತು ಎಂದುಕೊಳ್ಳಿ, ಎದ್ದು ಬನ್ನಿ.